ಫೋನೆಟಿಕ್ಸ್ ಪರೀಕ್ಷೆಯನ್ನು ಆನ್‌ಲೈನಿನಲ್ಲಿ ನಡೆಸುವುದು ಹೇಗೆ

ಮಂಗಳೂರು, ಉಡುಪಿ, ಮಣಿಪಾಲ ಕಡೆ ಫೋನೆಟಿಕ್ಸ್, ಅಂದರೆ ಮಾತಿನ ಧ್ವನಿಗಳ ಶಾಸ್ತ್ರ, ಕಲಿಸುವವರಲ್ಲಿ ಎರಡು ಗುಂಪು. ಕೆಲವರು ಇಂಗ್ಲಿಷ್ ಸಾಹಿತ್ಯದ ಮಕ್ಕಳಿಗೆ ಕಲಿಸುತ್ತಾರೆ. ಇನ್ನು ಕೆಲವರು ಸ್ಪೀಚ್ ಆ್ಯಂಡ್ ಹಿಯರಿಂಗ್ ಓದುವವರಿಗೆ. ಈ ಎರಡನೆಯವರ ವಿದ್ಯಾರ್ಥಿಗಳಿಗಂತೂ ನಾಳೆ ಕ್ಲಿನಿಕ್ಕಿನಲ್ಲಿ ಕೂತು ಒಂದು ಮಗುವಿನ ತೊದಲು ಮಾತನ್ನು ಕೇಳಿದ ಹಾಗೆಯೇ ಬರೆದುಕೊಳ್ಳುವುದು ಬರಲೇಬೇಕು. ಆದರೆ ಪರೀಕ್ಷೆಯನ್ನು ಆನ್‌ಲೈನಿಗೆ ಹಾಕಿದ ಕೂಡಲೇ ಪ್ರಶ್ನೆಗಳು ಸಪ್ಪೆಯಾಗುತ್ತವೆ. ಇಂಗ್ಲಿಷಿನ ಆರ್‌ಪಿಯಲ್ಲಿ (ಬ್ರಿಟಿಷರ ಮಾದರಿ ಉಚ್ಚಾರ) ಎಷ್ಟು ಧ್ವನಿ? 44. ಅದರಲ್ಲಿ ಸ್ವರ ಎಷ್ಟು? 20. ಇದನ್ನು ಗೂಗಲ್ ಕ್ಷಣದಲ್ಲಿ ಹೇಳುತ್ತದೆ, ಅಲ್ವಾ? ಅದಕ್ಕೆ ಮಾರ್ಕ್ ಕೊಟ್ಟರೆ ಯಾರಿಗೆ ಕೊಟ್ಟ ಹಾಗಾಯಿತು?

ನಾನು ಇಲ್ಲಿ ಒಂದೇ ವಿಷಯ ಹಿಡಿದುಕೊಂಡು ಹೋಗುತ್ತೇನೆ. ಈ ಪರೀಕ್ಷೆ ಅಳೆಯಬೇಕಾದದ್ದು ವಿದ್ಯಾರ್ಥಿಯ ಕಿವಿ, ಬಾಯಿ, ತಿಳಿವಳಿಕೆ. ಅವರ ಫೋನಿನ ಬೆಲೆ, ಊರಿನ ನೆಟ್‌ವರ್ಕ್, ಮನೆಯಲ್ಲಿ ಆಡುವ ಭಾಷೆ ಇವು ಮಾರ್ಕಿನೊಳಗೆ ನುಸುಳಬಾರದು. ಪೂರ್ತಿ ತಡೆಯುವುದು ಕಷ್ಟ, ಆದರೆ ತುಂಬಾ ಮಟ್ಟಿಗೆ ತಡೆಯಬಹುದು.

ಮೊದಲು ಬೇರೆ ಬೇರೆ ಮಾಡಿ

ಫೋನೆಟಿಕ್ಸ್ ಬರುತ್ತದೆ ಅಂದರೆ ಕನಿಷ್ಠ ನಾಲ್ಕು ಕೆಲಸ ಬರುತ್ತದೆ ಅಂತ. ವಿಷಯ ಗೊತ್ತಿರುವುದು, ಕೇಳಿ ಗುರುತಿಸಿ ಬರೆಯುವುದು, ಬಾಯಿಯಿಂದ ಉಚ್ಚರಿಸುವುದು, ಕಂಪ್ಯೂಟರಿನಲ್ಲಿ ಧ್ವನಿಯ ಚಿತ್ರ ಓದುವುದು. ಒಬ್ಬರಿಗೆ ನಾಲ್ಕೂ ಸಮನಾಗಿ ಬರುವುದು ಕಡಿಮೆ. ಚಂದ ಮಾಡಿ ಉತ್ತರ ಬರೆಯುವ ಹುಡುಗಿಗೆ ಕೇಳಿಸಿಕೊಳ್ಳುವುದು ಕಷ್ಟ ಇರಬಹುದು, ಹಿಂದಿನ ಬೆಂಚಿನಲ್ಲಿ ಮಾತಾಡದೆ ಕೂರುವ ಹುಡುಗನ ಕಿವಿ ಬಹಳ ಸೂಕ್ಷ್ಮ ಇರಬಹುದು. ನಾಲ್ಕನ್ನೂ ಒಂದೇ ಫಾರ್ಮಿನಲ್ಲಿ ಕಲಸಿ ಹಾಕಿದರೆ ಯಾರಿಗೆ ಏನು ಬರುವುದಿಲ್ಲ ಅಂತ ನಿಮಗೆ ಗೊತ್ತಾಗುವುದೇ ಇಲ್ಲ.

50 ಮಾರ್ಕಿನ ಪರೀಕ್ಷೆ ಆದರೆ ನಾನು ಕೇಳಿ ಬರೆಯುವುದಕ್ಕೆ 20 ಇಡುತ್ತೇನೆ, ಉಳಿದ ಮೂರಕ್ಕೆ ತಲಾ 10. ಒಂದೇ ದಿನ ಮುಗಿಸಲು ಹೋಗಬೇಡಿ. ಕೇಳುವ ಪರೀಕ್ಷೆ ಅರ್ಧ ಗಂಟೆ ದಾಟಿದರೆ ಕಿವಿ ಸೋಲುತ್ತದೆ.

ವಿಷಯ ಜ್ಞಾನದ ಭಾಗ ಎಲ್ಲಕ್ಕಿಂತ ಸುಲಭ. ಪುಸ್ತಕ ನೋಡಿ ಬರೆಯಿರಿ ಅಂತ ನೀವೇ ಹೇಳಿಬಿಡಿ. ಆಮೇಲೆ ಪುಸ್ತಕದಲ್ಲಿ ನೇರವಾಗಿ ಸಿಗದ ಪ್ರಶ್ನೆ ಕೇಳಿ. ನಮ್ಮ ವರ್ಣಮಾಲೆಯ ಕ ವರ್ಗದಿಂದ ಪ ವರ್ಗದವರೆಗೆ ಹೋಗುವಾಗ ಬಾಯಿಯೊಳಗೆ ಜಾಗ ಹೇಗೆ ಬದಲಾಗುತ್ತದೆ, ಐಪಿಎ (ಎಲ್ಲ ಭಾಷೆಗಳ ಧ್ವನಿಗಳನ್ನೂ ಬರೆಯುವ ಅಂತರರಾಷ್ಟ್ರೀಯ ಚಿಹ್ನೆಗಳು) ಚಾರ್ಟ್ ಅದೇ ಸಾಲನ್ನು ಎತ್ತ ಕಡೆಯಿಂದ ಓದುತ್ತದೆ? ಒಂದನೇ ಕ್ಲಾಸಿನಲ್ಲಿ ಕಲಿತ ವರ್ಣಮಾಲೆ ಗಂಟಲ ಕಡೆಯಿಂದ ತುಟಿಗೆ ಬರುತ್ತದೆ, ಐಪಿಎ ಚಾರ್ಟ್ ಎಡದಲ್ಲಿ ತುಟಿಯಿಂದ ಶುರುವಾಗಿ ಬಲಕ್ಕೆ ಹೋದಂತೆ ಗಂಟಲಿಗೆ ಇಳಿಯುತ್ತದೆ. ಇದನ್ನು ತಾನೇ ಕಂಡುಕೊಂಡ ವಿದ್ಯಾರ್ಥಿ ಆ ಚಾರ್ಟನ್ನು ಮತ್ತೆ ಬಾಯಿಪಾಠ ಮಾಡಬೇಕಾಗಿಲ್ಲ. ಮೂಡಲ್ (ಕಾಲೇಜುಗಳು ಬಳಸುವ ಆನ್‌ಲೈನ್ ಪಾಠ, ಪರೀಕ್ಷೆಯ ತಂತ್ರಾಂಶ) ಇದ್ದರೆ ಬಾಯಿಯ ಅಡ್ಡಸೀಳಿನ ಚಿತ್ರ ಹಾಕಿ, ಹೆಸರುಗಳನ್ನು ಎಳೆದು ಜಾಗಕ್ಕೆ ಸೇರಿಸುವ ಪ್ರಶ್ನೆ ಮಾಡಬಹುದು. ಅದು ಸಾಕು.

ಕೇಳಿ ಬರೆಯುವುದು

ಇಲ್ಲಿ ಜಾಸ್ತಿ ಶ್ರಮ ಹಾಕಿ. ನಿಜವಾದ ಪರೀಕ್ಷೆ ಇದೇ.

ಗೊತ್ತಿರುವ ಪದ ಕೊಡಬೇಡಿ. ಇಂಗ್ಲಿಷ್ ಪದ ಕೊಟ್ಟರೆ ಡಿಕ್ಷನರಿಯಲ್ಲೇ ಐಪಿಎ ಇದೆ, ಪೂರ್ತಿ ಪ್ಯಾರಾ ಹಾಕಿದರೂ ಬರೆದುಕೊಡುವ ವೆಬ್‌ಸೈಟುಗಳಿವೆ. ಅದಕ್ಕಾಗಿ ಅರ್ಥವೇ ಇಲ್ಲದ ಪದ ಮಾಡಿ, ನಿಮ್ಮದೇ ಧ್ವನಿಯಲ್ಲಿ ರೆಕಾರ್ಡ್ ಮಾಡಿ. ಉದಾಹರಣೆಗೆ "ಗೂಟಳಿ". ಹೀಗೊಂದು ಪದ ಇಲ್ಲ, ಹಾಗಾಗಿ ಕೇಳಿದ್ದನ್ನೇ ಬರೆಯಬೇಕು, ಬೇರೆ ದಾರಿ ಇಲ್ಲ.

ಮಾರ್ಕ್ ಹಾಕುವುದು ಪದಕ್ಕಲ್ಲ, ಧ್ವನಿಗೆ. "ಗೂಟಳಿ"ಯಲ್ಲಿ ಆರು ಧ್ವನಿ: ಗ್, ಊ, ಟ್, ಅ, ಳ್, ಇ. ಸರಿಯಾದ ಧ್ವನಿಗೆ 2, ಒಂದೇ ಒಂದು ಗುಣದಲ್ಲಿ ತಪ್ಪಿದರೆ 1, ಬಿಟ್ಟುಹೋದರೆ ಅಥವಾ ಸಂಬಂಧವೇ ಇಲ್ಲದ್ದನ್ನು ಬರೆದರೆ 0. ಒಟ್ಟು 12. ಒಬ್ಬರು "ಗುತಳಿ" ಅಂತ ಐಪಿಎಯಲ್ಲಿ ಬರೆದರು ಅಂದುಕೊಳ್ಳಿ. ಸ್ವರದ ಉದ್ದ ತಪ್ಪಿದೆ, ಅಲ್ಲಿ 1. ಮೂರ್ಧನ್ಯದ (ನಾಲಗೆ ಮಡಿಚಿ ಹೇಳುವ ಟ) ಬದಲು ದಂತ್ಯ (ಹಲ್ಲಿಗೆ ತಾಗುವ ತ), ಅಲ್ಲಿಯೂ 1. ಒಟ್ಟು 10 ಸಿಗುತ್ತದೆ. ಇನ್ನೊಬ್ಬರು "ಗೂಳಿ" ಅಂತ ಬರೆದರು. ನಡುವೆ ಎರಡು ಧ್ವನಿ ಹೋಯಿತು, 8 ಸಿಗುತ್ತದೆ. ಈ ಎರಡನೆಯವರ ಜೊತೆ ಆಮೇಲೆ ಕೂತು ಮಾತಾಡಿ, ಯಾಕೆಂದರೆ ಅವರು ಗೊತ್ತಿರುವ ಪದವನ್ನು ಹುಡುಕಿ ಬರೆದಿದ್ದಾರೆ. ಕ್ಲಿನಿಕ್ಕಿನಲ್ಲಿ ಇದೇ ಅಭ್ಯಾಸ ಉಳಿದರೆ ಮಗು ಏನು ಹೇಳಿತು ಅನ್ನುವ ಜಾಗದಲ್ಲಿ ಏನು ಹೇಳಬೇಕಿತ್ತು ಅನ್ನುವುದನ್ನು ಬರೆದುಬಿಡುತ್ತಾರೆ. ಆಮೇಲಿನ ಥೆರಪಿಯೆಲ್ಲ ಆ ತಪ್ಪಿನ ಮೇಲೆಯೇ ನಿಲ್ಲುತ್ತದೆ.

ಇಲ್ಲದ ಧ್ವನಿಯನ್ನು ಸೇರಿಸಿದರೆ 1 ಕಳೆಯಿರಿ, ಸೊನ್ನೆಗಿಂತ ಕೆಳಗೆ ಇಳಿಸಬೇಡಿ. ಉಚ್ಚಾರದ ಸಣ್ಣ ವಿವರಗಳನ್ನೂ ಬರೆಯಬೇಕಾ, ಅರ್ಥ ಬದಲಿಸುವ ವ್ಯತ್ಯಾಸ ಮಾತ್ರ ಸಾಕಾ ಅನ್ನುವುದನ್ನು ಪ್ರಶ್ನೆಯ ಮೇಲೆಯೇ ಹಾಕಿ. ಇದನ್ನು ಹೇಳದೆ ಮಾರ್ಕ್ ಕಳೆಯುವುದು ಅನ್ಯಾಯ.

ಬರೆಯುವುದಕ್ಕಿಂತ ಮೊದಲು ಬರೀ ಗುರುತಿಸುವ ಪ್ರಶ್ನೆಗಳನ್ನೂ ಇಡಬಹುದು. ಎರಡು ಧ್ವನಿ ಕೇಳಿಸಿ ಒಂದೇನಾ ಬೇರೆನಾ ಅಂತ ಕೇಳುವುದು. ಇದರಲ್ಲಿ ಒಂದು ಅಪಾಯ ಇದೆ. ಎರಡೇ ಆಯ್ಕೆ ಇದ್ದಾಗ ಕಣ್ಣು ಮುಚ್ಚಿ ಒತ್ತಿದರೂ 20ರಲ್ಲಿ ಸರಾಸರಿ 10 ಸರಿಯಾಗುತ್ತದೆ. ಹಾಗಾಗಿ 10 ಬಂದವರು ಪಾಸಲ್ಲ, ಅವರಿಗೆ ಏನೂ ಕೇಳಿಸದೆಯೂ ಇರಬಹುದು. 15 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಂಬಬಹುದು. ಸುಮ್ನೆ ಊಹಿಸಿ ಅಷ್ಟು ಬರುವ ಸಾಧ್ಯತೆ 100ಕ್ಕೆ ಸುಮಾರು 2 ಮಾತ್ರ. ಮೂರು ಧ್ವನಿ ಕೇಳಿಸಿ ಬೇರೆ ಯಾವುದು ಅಂತ ಕೇಳಿದರೆ ಊಹೆಯ ಲಾಭ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ನನಗೆ ಅದೇ ಇಷ್ಟ.

ಎಷ್ಟು ಸಲ ಕೇಳಲು ಬಿಡಬೇಕು? ತುಂಬಾ ಜನ ಎರಡೇ ಸಲ ಅಂತ ಕಟ್ಟುನಿಟ್ಟು ಮಾಡುತ್ತಾರೆ. ನೆಟ್ ಸಿಕ್ಕಿಹಾಕಿಕೊಂಡು ಅರ್ಧ ಪದ ಮಾತ್ರ ಕೇಳಿಸಿದವರ ಒಂದು ಸಲ ಸುಮ್ಮನೆ ಹೋಗುತ್ತದೆ. ನಾನು ಒಂದೇ ಫೈಲಿನಲ್ಲಿ ಪದವನ್ನು ಮೂರು ಸಲ, ನಡುವೆ ನಾಲ್ಕೈದು ಸೆಕೆಂಡು ಬಿಟ್ಟು ರೆಕಾರ್ಡ್ ಮಾಡುತ್ತೇನೆ. ಆಮೇಲೆ ಒಟ್ಟು ಸಮಯಕ್ಕೆ ಮಿತಿ ಹಾಕಿ, ಅದರೊಳಗೆ ಎಷ್ಟು ಸಲ ಬೇಕಾದರೂ ಕೇಳಲಿ ಅಂತ ಬಿಡುತ್ತೇನೆ. ಕ್ಲಿನಿಕ್ಕಿನಲ್ಲೂ ರೆಕಾರ್ಡಿಂಗನ್ನು ಮತ್ತೆ ಮತ್ತೆ ಕೇಳುವುದೇ ತಾನೇ?

ಕಂಪ್ಯೂಟರ್ ತಪ್ಪು ಅಂದದ್ದೆಲ್ಲ ತಪ್ಪಲ್ಲ

"ಗೂಟಳಿ"ಯ ಮೊದಲ ಧ್ವನಿಯನ್ನೇ ನೋಡಿ. ಮಾಮೂಲಿ ಕೀಬೋರ್ಡಿನ ಜಿ ಅಕ್ಷರ ಯೂನಿಕೋಡಿನಲ್ಲಿ (ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಇರುವ ಸಂಖ್ಯೆ) 0067. ಐಪಿಎಗೆ ಅಂತಲೇ ಇರುವ ಜಿ 0261. ಕಣ್ಣಿಗೆ ಎರಡೂ ಹೆಚ್ಚು ಕಡಿಮೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಸ್ವರದ ಉದ್ದ ತೋರಿಸುವ ಗುರುತೂ ಹಾಗೆಯೇ. ಅದು ಎರಡು ಪುಟ್ಟ ತ್ರಿಕೋನ, ಮಕ್ಕಳು ಹಾಕುವುದು ಕೋಲನ್. ಅನುನಾಸಿಕ ಸ್ವರದ ಮೇಲಿನ ಅಲೆಗೆರೆಯನ್ನು ಅಕ್ಷರದ ಜೊತೆ ಸೇರಿದ ಒಂದೇ ಚಿಹ್ನೆಯಾಗಿಯೂ ಹಾಕಬಹುದು, ಬೇರೆಯಾಗಿ ಜೋಡಿಸಿಯೂ ಹಾಕಬಹುದು. ಸರಿಯಾಗಿ ಕೇಳಿ ಸರಿಯಾಗಿ ಬರೆದವರಿಗೂ ಯಂತ್ರ ಸೊನ್ನೆ ಕೊಡುವುದು ಹೀಗೆ.

ಇದಕ್ಕೆ ದಾರಿ ಇದೆ. ಆ ಪರೀಕ್ಷೆಗೆ ಬೇಕಾದ ಚಿಹ್ನೆಗಳನ್ನೆಲ್ಲ, ಜೊತೆಗೆ ಬೇಡದ ಕೆಲವನ್ನೂ ಸೇರಿಸಿ, ಪ್ರಶ್ನೆಯ ಮೇಲೆಯೇ ಒಂದು ಸಾಲಾಗಿ ಹಾಕಿಬಿಡಿ. ವಿದ್ಯಾರ್ಥಿ ಅಲ್ಲಿಂದಲೇ ಕಾಪಿ ಮಾಡಿ ಅಂಟಿಸಲಿ. ಮೂಡಲ್‌ನ ಸಣ್ಣ ಉತ್ತರದ ಪ್ರಶ್ನೆಯಲ್ಲಿ ಒಂದಕ್ಕಿಂತ ಹೆಚ್ಚು ಸರಿಯುತ್ತರ ಕೊಡಬಹುದು, ಎರಡೂ ಥರದ ಜಿ ಸೇರಿಸಿ. ಗೂಗಲ್ ಫಾರ್ಮ್ ಆದರೆ ಉತ್ತರಗಳನ್ನು ಶೀಟಿಗೆ ಇಳಿಸಿ, ಮಾರ್ಕ್ ಹಾಕುವ ಮೊದಲು ಕೋಲನ್, ಜಿ ಇವನ್ನೆಲ್ಲ ಒಂದೇ ರೂಪಕ್ಕೆ ಬದಲಾಯಿಸಿ. ಏನೇ ಮಾಡಿದರೂ ಯಂತ್ರ ತಪ್ಪು ಅಂದದ್ದನ್ನು ಒಮ್ಮೆ ಕಣ್ಣಿನಲ್ಲಿ ನೋಡಿ.

ಇನ್ನೂ ಸುಲಭ ಬೇಕಾ? ಕಾಗದದಲ್ಲಿ ಬರೆದು ಫೋಟೋ ಕಳಿಸಲಿ. ಆಗ ಕೈಬರಹದ ಬಗ್ಗೆ ಮೊದಲೇ ಎಚ್ಚರಿಸಬೇಕು. ಣ, ಙ, ಞ ಧ್ವನಿಗಳ ಐಪಿಎ ಚಿಹ್ನೆಗಳಲ್ಲಿ ಇರುವ ವ್ಯತ್ಯಾಸ ಬಾಲ ಯಾವ ಕಾಲಿಗೆ ಇದೆ, ಯಾವ ಕಡೆ ತಿರುಗಿದೆ ಅನ್ನುವುದು ಮಾತ್ರ. ಅವಸರದಲ್ಲಿ ಗೀಚಿದರೆ ಮೂರೂ ಒಂದೇ ಥರ ಕಾಣುತ್ತವೆ.

ಮನೆಮಾತಿನ ಲೆಕ್ಕ

ನಮ್ಮ ಕರಾವಳಿಯ ಒಂದು ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಹವ್ಯಕ, ಕುಂದಾಪ್ರ ಕನ್ನಡ, ಉರ್ದು ಎಲ್ಲ ಇರುತ್ತವೆ. ಒಬ್ಬೊಬ್ಬರ ಕಿವಿಯೂ ಒಂದೊಂದಕ್ಕೆ ಪಳಗಿದೆ. ತುಳುವಿನಲ್ಲಿ "ಯಾನ್ ಬರ್ಪೆ", "ಆಯೆ ಬರ್ಪೆ" ಅಂತ ಹೇಳಿ ನೋಡಿ. ನಾನು ಬರುತ್ತೇನೆ ಅನ್ನುವಾಗ ಕೊನೆಯ ಎ ಬಾಯಿ ಸ್ವಲ್ಪ ಜಾಸ್ತಿ ತೆರೆದು ಬರುತ್ತದೆ, ಅವನು ಬರುತ್ತಾನೆ ಅನ್ನುವಾಗ ಅಷ್ಟು ತೆರೆಯುವುದಿಲ್ಲ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ. ತುಳು ಮನೆಯ ಮಕ್ಕಳಿಗೆ ಈ ವ್ಯತ್ಯಾಸ ನಿದ್ದೆಯಲ್ಲೂ ಗೊತ್ತು. ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ ಅಂತ ಹೇಳಬಾರದು ಅನ್ನುವುದಕ್ಕೂ ಇದೇ ಕಾರಣ, ಐಪಿಎಯಲ್ಲೇ ಬರೆಯಬೇಕು. ಕೊಂಕಣಿಯವರಿಗೆ ಮೂಗಿನ ಸ್ವರ ಸಲೀಸು. ಮಲಯಾಳದವರು ಹಲ್ಲಿಗೆ ತಾಗುವ ನ, ವಸಡಿಗೆ ತಾಗುವ ನ ಎರಡನ್ನೂ ಬೇರೆಯಾಗಿ ಕೇಳಬಲ್ಲರು. ಮದರಸದಲ್ಲಿ ಕುರ್‌ಆನ್ ಓದಲು ಕಲಿತವರಿಗೆ ಗಂಟಲಿನ ಆಳದ ಧ್ವನಿಗಳು ಹೊಸದಲ್ಲ, ಅವನ್ನು ಯಾವ ಜಾಗದಿಂದ ಹೊರಡಿಸಬೇಕು ಅಂತ ಅಲ್ಲಿ ಹೇಳಿಕೊಟ್ಟೇ ಕಲಿಸುತ್ತಾರೆ. ಇನ್ನು ತುಳುವಿನ ಕೆಲವು ಬಗೆಗಳಲ್ಲಿ ಳ ಮತ್ತು ಲ ಒಂದಾಗಿಬಿಟ್ಟಿವೆ, ಆ ಮನೆಯವರಿಗೆ "ಕಲ್ಲು", "ಕಳ್ಳು" ಬೇರೆ ಮಾಡಿ ಕೇಳಲು ಸ್ವಲ್ಪ ಜಾಸ್ತಿ ಗಮನ ಬೇಕಾಗಬಹುದು.

ಹಾಗಾದರೆ ಏನು ಮಾಡಬೇಕು? ಸೆಮಿಸ್ಟರಿನ ಮೊದಲ ವಾರದಲ್ಲೇ ಮನೆಯಲ್ಲಿ ಯಾವ ಯಾವ ಭಾಷೆ ಅಂತ ಕೇಳಿ ಬರೆದಿಟ್ಟುಕೊಳ್ಳಿ, ಮಾರ್ಕಿಗೆ ಸಂಬಂಧ ಇಲ್ಲ ಅಂತ ಹೇಳಿ. ಪ್ರಶ್ನೆಪತ್ರಿಕೆಯಲ್ಲಿ ಎಲ್ಲ ಭಾಷೆಗಳಿಗೂ ಸ್ವಲ್ಪ ಸ್ವಲ್ಪ ಅನುಕೂಲ ಹಂಚಿ. ಅರ್ಧದಷ್ಟಾದರೂ ಇಲ್ಲಿ ಯಾರ ಮನೆಯಲ್ಲೂ ಇಲ್ಲದ ಧ್ವನಿಗಳಿರಲಿ. ತುಟಿ ದುಂಡಗೆ ಮಾಡಿ ಹೇಳುವ "ಈ", ಫ್ರೆಂಚ್ ಮತ್ತು ಜರ್ಮನ್‌ನಲ್ಲಿ ಬರುತ್ತದೆ. ನಾಲಗೆಯ ಬದಿಯಿಂದ ಗಾಳಿ ಉಜ್ಜಿಕೊಂಡು ಬರುವ ಲ, ವೆಲ್ಶ್‌ನಲ್ಲಿ ಇದೆ. ಉಸಿರನ್ನು ಗಂಟಲಲ್ಲಿ ಮುಚ್ಚಿಟ್ಟು ಸಿಡಿಸುವ ಕ ಕೂಡ ಆಗುತ್ತದೆ. ಇಂಥವುಗಳ ಮುಂದೆ ಎಲ್ಲರೂ ಹೆಚ್ಚು ಕಡಿಮೆ ಸಮಾನರು.

ಇಂಗ್ಲಿಷ್ ವಿಭಾಗದವರಿಗೆ ಒಂದು ಮಾತು. ನಮ್ಮ ಮಕ್ಕಳ ಇಂಗ್ಲಿಷಿನಲ್ಲಿ ಟ, ಡ ಮೂರ್ಧನ್ಯವಾಗಿ ಬಂದರೆ ಅದಕ್ಕೆ ಮಾರ್ಕ್ ಕಳೆಯಬೇಡಿ ಮಾರಾಯ್ರೆ. ಲಂಡನ್ನಿನ ಹಾಗೆ ಮಾತಾಡುವುದು ಫೋನೆಟಿಕ್ಸ್ ಅಲ್ಲ. ತಾನು ಹೇಗೆ ಹೇಳುತ್ತೇನೆ, ಆರ್‌ಪಿಯಲ್ಲಿ ಹೇಗೆ ಹೇಳುತ್ತಾರೆ, ವ್ಯತ್ಯಾಸ ಬಾಯಿಯ ಯಾವ ಜಾಗದಲ್ಲಿದೆ ಅಂತ ವಿವರಿಸಿದರೆ ಪೂರ್ತಿ ಮಾರ್ಕ್ ಕೊಡಿ.

ಆಡಿಯೋ ಚೆನ್ನಾಗಿಲ್ಲದಿದ್ದರೆ ಪರೀಕ್ಷೆಯೇ ಇಲ್ಲ

ಹಳೆಯ ಥರದ ಫೋನ್ ಕರೆ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ದಾಟಿಸುತ್ತದೆ. ಸ ಧ್ವನಿಯ ಹೆಚ್ಚಿನ ಶಕ್ತಿ 4000 ಹರ್ಟ್ಸ್‌ಗಿಂತ ಮೇಲೆ ಇದೆ. ಫೋನಿನಲ್ಲಿ ಎಸ್ ಹೇಳಿದರೆ ಆಚೆಯವರಿಗೆ ಎಫ್ ಕೇಳಿಸುವುದು ಅದಕ್ಕೇ. ಬ್ಲೂಟೂತ್ ಇಯರ್‌ಫೋನಿನಲ್ಲಿ ಮೈಕ್ ಆನ್ ಆದ ಕೂಡಲೇ ಸಾಮಾನ್ಯವಾಗಿ ಗುಣಮಟ್ಟ ಇಳಿದುಬಿಡುತ್ತದೆ, ಕಡಿಮೆ ಬೆಲೆಯ ವಯರಿನ ಇಯರ್‌ಫೋನ್ ಅದಕ್ಕಿಂತ ಒಳ್ಳೆಯದು. ಜೂಮ್, ಮೀಟ್‌ಗಳಲ್ಲಿ ಗದ್ದಲ ತೆಗೆಯುವ ವ್ಯವಸ್ಥೆ ಇದೆ. ಸ, ಶ, ಹ, ಮಹಾಪ್ರಾಣದ ಗಾಳಿ ಇವೆಲ್ಲ ಯಂತ್ರಕ್ಕೆ ಗದ್ದಲದ ಹಾಗೆಯೇ ಕಾಣುವುದರಿಂದ ಅದು ಅವನ್ನೂ ತಿಂದುಹಾಕುತ್ತದೆ. ಆದ್ದರಿಂದ ಕೇಳಿ ಬರೆಯುವ ಪರೀಕ್ಷೆಯನ್ನು ಲೈವ್ ಕರೆಯಲ್ಲಿ ಮಾಡಲೇಬೇಡಿ. ಬಾಯಿ ಪರೀಕ್ಷೆಗೆ ಜೂಮ್ ಬಳಸುವುದಾದರೆ ಒರಿಜಿನಲ್ ಸೌಂಡ್ ಆಯ್ಕೆಯನ್ನು ಇಬ್ಬರೂ ಆನ್ ಮಾಡಿಕೊಳ್ಳಿ. ವಾಟ್ಸಾಪ್ ವಾಯ್ಸ್ ಮೆಸೇಜ್ ಧ್ವನಿಯನ್ನು ಒತ್ತಿ ಸಣ್ಣದು ಮಾಡುತ್ತದೆ, ಮಾತು ಅರ್ಥವಾಗಲು ಸಾಕು, ಅಳತೆ ಮಾಡಲು ಸಾಲದು.

ನೀವು ರೆಕಾರ್ಡ್ ಮಾಡುವಾಗ ವೇವ್ ಫೈಲ್, 44,100 ಹರ್ಟ್ಸ್, 16 ಬಿಟ್, ಮೋನೋ. ನಿಮಿಷಕ್ಕೆ ಸುಮಾರು 5.3 ಎಂಬಿ ಆಗುತ್ತದೆ. ಬೆಳ್ತಂಗಡಿ, ಸುಳ್ಯ, ಬೈಂದೂರು ಕಡೆಯ ಒಳಗಿನ ಊರುಗಳಿಂದ ಬರುವ ಮಕ್ಕಳಿಗೆ ಪರೀಕ್ಷೆ ನಡೆಯುತ್ತಿರುವಾಗ ಇದನ್ನು ಇಳಿಸಿಕೊಳ್ಳುವುದು ಕಷ್ಟ. ಜುಲೈ ಮಳೆಯಲ್ಲಿ ಕರೆಂಟೂ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕೂ. ಹಾಗಾಗಿ ಆಡಿಯೋ ಫೈಲುಗಳನ್ನೆಲ್ಲ ಪಾಸ್‌ವರ್ಡ್ ಹಾಕಿದ ಜಿಪ್ ಮಾಡಿ ಹಿಂದಿನ ದಿನವೇ ಕಳಿಸಿ. ಪರೀಕ್ಷೆಯ ಹೊತ್ತಿಗೆ ಪಾಸ್‌ವರ್ಡನ್ನು ಎಸ್‌ಎಂಎಸ್‌ನಲ್ಲಿ ಕಳಿಸಿದರೆ ಸಾಕು. ಉತ್ತರ ಬರೀ ಅಕ್ಷರಗಳು, ದುರ್ಬಲ ಸಿಗ್ನಲಿನಲ್ಲೂ ಹೋಗುತ್ತದೆ. ಅಂಥ ಜಿಪ್ ತೆರೆಯುವ ಆಪ್ ಫೋನಿನಲ್ಲಿ ಇದೆಯಾ ಅಂತ ಒಂದು ಸುಳ್ಳು ಫೈಲ್ ಕಳಿಸಿ ವಾರ ಮೊದಲೇ ಪರೀಕ್ಷಿಸಿ. ಮತ್ತೆ, ಶೀಟಿನ ಮಾಡಿನ ಕೆಳಗೆ ಕೂತವರಿಗೆ ಜೋರು ಮಳೆಯಲ್ಲಿ ಇಯರ್‌ಫೋನ್ ಹಾಕಿದರೂ ಏನೂ ಕೇಳಿಸುವುದಿಲ್ಲ. ಒಂದೇ ಗಂಟೆಯನ್ನು ಕಟ್ಟದೆ ಬೆಳಗ್ಗೆ ಒಂದು, ಸಂಜೆ ಒಂದು ಸಮಯ ಕೊಟ್ಟು, ಎರಡಕ್ಕೂ ಬೇರೆ ಬೇರೆ ಪದಗಳನ್ನು ಇಡಿ.

ಕಿವಿ ಸರಿಯಾಗಿ ಕೇಳಿಸದ ವಿದ್ಯಾರ್ಥಿ ಇದ್ದರೆ ಮೊದಲೇ ಅವರ ಜೊತೆ ಮಾತಾಡಿ, ಆ 20 ಮಾರ್ಕನ್ನು ಉಚ್ಚಾರ ಮತ್ತು ಚಿತ್ರ ಓದುವ ಭಾಗಕ್ಕೆ ಹಂಚಿಕೊಡಲು ವಿಭಾಗದಿಂದ ಒಪ್ಪಿಗೆ ಪಡೆಯಿರಿ.

ಬಾಯಿ ಪರೀಕ್ಷೆ

ಎರಡು ಹಂತ ಸಾಕು. ಮೊದಲು, ಐಪಿಎಯಲ್ಲಿ ಬರೆದ ಐದಾರು ಅರ್ಥವಿಲ್ಲದ ಪದಗಳನ್ನು ಅದೇ ದಿನ ಕೊಟ್ಟು ರೆಕಾರ್ಡ್ ಮಾಡಿ ಕಳಿಸಲು ಹೇಳಿ. ಗೂಗಲ್ ಫಾರ್ಮಿನಲ್ಲಿ ಫೈಲ್ ಹಾಕಲು ಗೂಗಲ್ ಖಾತೆಗೆ ಲಾಗಿನ್ ಆಗಿರಬೇಕು, ಇದನ್ನು ಮೊದಲೇ ತಿಳಿಸಿ. ಇನ್ನೊಂದು, ಐದು ನಿಮಿಷದ ವಿಡಿಯೋ ವೈವಾ. ಕ್ಯಾಮೆರಾದಲ್ಲಿ ತುಟಿ ಕಾಣುತ್ತದೆ, ನಾಲಗೆ ಕಾಣುವುದಿಲ್ಲ. ಆದ್ದರಿಂದ ಮಾಡಿಸಿ, ಆಮೇಲೆ ಹೇಳಿಸಿ. ತ ಹೇಳುತ್ತಾ ನಾಲಗೆಯ ತುದಿಯನ್ನು ಹಿಂದಕ್ಕೆ ಸರಿಸಿಕೊಂಡು ಟ ತನಕ ಬನ್ನಿ, ಎಲ್ಲಿ ಬದಲಾಯಿತು? ಮೂಗು ಹಿಡಿದುಕೊಂಡು ಮ ಹೇಳಿ, ಏನಾಯಿತು, ಯಾಕೆ? ಗಂಟಲ ಮೇಲೆ ಬೆರಳಿಟ್ಟು ಸ ಹೇಳಿ, ಈಗ ನಾಲಗೆ ಅಲುಗಾಡಿಸದೆ ಅದನ್ನೇ ಘೋಷ ಮಾಡಿ, ಅಂದರೆ ಗಂಟಲು ಕಂಪಿಸುವ ಹಾಗೆ ಹೇಳಿ. ಬಾಯಿಪಾಠ ಮಾಡಿ ಬಂದವರು ಯಾರು, ಬಾಯೊಳಗೆ ನಿಜವಾಗಿ ಗಮನಿಸಿದವರು ಯಾರು ಅಂತ ಬೇಗ ಗೊತ್ತಾಗುತ್ತದೆ. ಬೇರೆಯವರು ಪಕ್ಕದಲ್ಲಿ ಕೂತು ಹೇಳಿಕೊಟ್ಟರೂ ಇದು ನಡೆಯುವುದಿಲ್ಲ.

ಪ್ರಾಟ್

ಧ್ವನಿಯ ಚಿತ್ರ ಓದುವ ಭಾಗಕ್ಕೆ ಪ್ರಾಟ್ ಬಳಸಿ, ಧ್ವನಿಯನ್ನು ಚಿತ್ರವಾಗಿ ತೋರಿಸಿ ಅಳೆಯುವ ತಂತ್ರಾಂಶ ಅದು, ಉಚಿತ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೋರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಮಾಡಿದ್ದು. ಕಂಪ್ಯೂಟರ್ ಬೇಕು, ಇಲ್ಲದವರಿಗೆ ಕಾಲೇಜಿನ ಲ್ಯಾಬಿನಲ್ಲಿ ಸಮಯ ಕೊಡಿ. ಎಲ್ಲರಿಗೂ ಒಂದೇ ಫೈಲ್ ಕೊಟ್ಟರೆ ಉತ್ತರ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಅವರವರ ಧ್ವನಿಯನ್ನೇ ಅಳೆಯಲಿ. "ಬಳೆ", "ಬಾಳೆ" ಹೇಳಿ ಮೊದಲ ಸ್ವರದ ಉದ್ದ ಎಷ್ಟು ಮಿಲಿಸೆಕೆಂಡು, ಎಷ್ಟು ಪಟ್ಟು? "ಕಲ್ಲು", "ಕಳ್ಳು" ಹೇಳಿ, ಳ ಬರುವ ಮೊದಲು ಮೂರನೇ ಫಾರ್ಮೆಂಟ್ (ಧ್ವನಿಯ ಚಿತ್ರದಲ್ಲಿ ಕಾಣುವ ಕಪ್ಪು ಪಟ್ಟೆಗಳಲ್ಲಿ ಕೆಳಗಿನಿಂದ ಮೂರನೆಯದು) ಕೆಳಗೆ ಬಾಗುತ್ತದಾ? ನಾಲಗೆ ಮಡಿಚಿದ್ದರ ಗುರುತು ಅದು. ಫಾರ್ಮೆಂಟ್ ಮಿತಿಯನ್ನು ಹೆಂಗಸರ ಧ್ವನಿಗೆ 5500, ಗಂಡಸರ ಧ್ವನಿಗೆ 5000 ಹರ್ಟ್ಸ್ ಇಟ್ಟುಕೊಳ್ಳಲು ಹೇಳಿ, ಇಲ್ಲದಿದ್ದರೆ ಅಂಕಿಗಳು ಎಲ್ಲೆಲ್ಲಿಗೋ ಹೋಗುತ್ತವೆ. ವೇವ್ ಫೈಲ್ ಜೊತೆಗೆ ಗಡಿಗಳನ್ನು ಗುರುತಿಸಿದ ಟೆಕ್ಸ್ಟ್‌ಗ್ರಿಡ್ ಫೈಲನ್ನೂ ತರಿಸಿಕೊಳ್ಳಿ. ಸ್ವರ ಎಲ್ಲಿ ಶುರು, ಎಲ್ಲಿ ಮುಗಿತು ಅಂತ ಗಡಿ ಸರಿಯಾಗಿ ಹಾಕಿದ್ದರೆ ಈ ಭಾಗದ ಮಾರ್ಕಿನಲ್ಲಿ ಅರ್ಧದಷ್ಟನ್ನು ಅಲ್ಲೇ ಕೊಡಿ.

ಮಾರ್ಕ್ ಹಾಕಿದ ಮೇಲೆ

ಬಾಯಿ ಪರೀಕ್ಷೆಯ ರೆಕಾರ್ಡಿಂಗುಗಳಲ್ಲಿ ಕೆಲವನ್ನಾದರೂ ಹೆಸರು ತೆಗೆದು ಇನ್ನೊಬ್ಬ ಸಹೋದ್ಯೋಗಿಗೆ ಕೇಳಿಸಿ, ಅವರೂ ಮಾರ್ಕ್ ಹಾಕಲಿ. ತುಂಬಾ ವ್ಯತ್ಯಾಸ ಬಂದರೆ ಇಬ್ಬರೂ ಕೂತು ಮತ್ತೆ ಕೇಳಿ. ನಮ್ಮ ಕಿವಿಗೂ ಮನೆಮಾತು ಇದೆಯಲ್ಲ.

ಫಲಿತಾಂಶವನ್ನು 50ಕ್ಕೆ 34 ಅಂತ ಒಂದೇ ಅಂಕಿಯಲ್ಲಿ ಕೊಡಬೇಡಿ. ನಾಲ್ಕು ಭಾಗದ ಮಾರ್ಕ್ ಬೇರೆ ಬೇರೆ ಬರೆಯಿರಿ. ಕೇಳಿ ಬರೆದದ್ದರಲ್ಲಿ ಯಾವ ಧ್ವನಿಯನ್ನು ಯಾವುದಾಗಿ ಕೇಳಿಸಿಕೊಂಡರು ಅಂತ ಪ್ರತಿಯೊಬ್ಬರಿಗೂ ಒಂದು ಸಣ್ಣ ಪಟ್ಟಿ ಮಾಡಿಕೊಡಿ: ಟ ಕೇಳಿಸಿದಾಗ ತ ಬರೆದದ್ದು ಇಷ್ಟು ಸಲ, ಉದ್ದ ಸ್ವರ ಗಿಡ್ಡವಾದದ್ದು ಇಷ್ಟು ಸಲ. ಶೀಟಿನಲ್ಲಿ ಉತ್ತರಗಳು ಹೇಗೂ ಇರುತ್ತವೆ, ಕೆಲಸ ಜಾಸ್ತಿ ಇಲ್ಲ. ಜೊತೆಗೆ ಅದೇ ಆಡಿಯೋ ಫೈಲುಗಳನ್ನು ಸರಿಯುತ್ತರದೊಂದಿಗೆ ಎಲ್ಲರಿಗೂ ಬಿಟ್ಟುಕೊಡಿ, ಮುಂದಿನ ಬ್ಯಾಚಿಗೆ ಹೊಸ ಪದಗಳನ್ನು ರೆಕಾರ್ಡ್ ಮಾಡಿಕೊಂಡರಾಯಿತು.